ಮೊಣಕಾಲಿಗೆ ಬರೀ 15 ಪರ್ಸೆಂಟ್: ಈಗ ಅಪೀಲು ಹಾಕಬಹುದೇ?

ಪ್ರಶ್ನೆ: ನಾನು 2022ರಲ್ಲಿ ಸರ್ವಿಸ್ ಮುಗಿಸಿ ಬಂದ ಹವಾಲ್ದಾರ್. ಟ್ರೇನಿಂಗ್ ವೇಳೆ ಬಿದ್ದು ಬಲ ಮೊಣಕಾಲಿನ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ಬಿಡುಗಡೆ ವೇಳೆ ಮೆಡಿಕಲ್ ಬೋರ್ಡ್ ಇದು ಡ್ಯೂಟಿಯಲ್ಲಾದ ಗಾಯ ಎಂದು ಒಪ್ಪಿತು. ಆದರೆ ಅಂಗವೈಕಲ್ಯ 15 ಪರ್ಸೆಂಟ್ ಅಂತ ಬರೆಯಿತು, ಅದರ ಪೆನ್ಷನ್ ಸಿಗಲಿಲ್ಲ. ಈಗ ಮೆಟ್ಟಿಲು ಇಳಿಯುವುದೇ ಕಷ್ಟ. ಇಷ್ಟು ತಡವಾಗಿ ಅಪೀಲು ಹಾಕಿ ಪ್ರಯೋಜನ ಇದೆಯಾ?
– ಮಾಜಿ ಸೈನಿಕ, ಹಾಸನ ಜಿಲ್ಲೆ

ಉತ್ತರ: ಇದೆ ಸರ್, ಖಂಡಿತ ಹಾಕಿ. ಎಷ್ಟೋ ಜನರ ಅರ್ಜಿ ‘ಗಾಯಕ್ಕೂ ಸೇವೆಗೂ ಸಂಬಂಧವಿಲ್ಲ’ ಅನ್ನುವ ಒಂದೇ ಸಾಲಿಗೆ ಬಿದ್ದುಹೋಗುತ್ತದೆ. ನಿಮಗೆ ಆ ತಕರಾರಿಲ್ಲ. ಉಳಿದಿರುವುದು ಆ 15 ಮಾತ್ರ.

ಅವಧಿ ಮುಗಿಸಿ ಬಂದವರಿಗೆ ಕನಿಷ್ಠ 20 ಪರ್ಸೆಂಟ್ ಬೇಕು. 19 ಇದ್ದರೂ ಏನೂ ಸಿಗದು. 20 ಮುಟ್ಟಿತೋ, ಅದನ್ನು 50 ಎಂದೇ ಹಿಡಿಯಬೇಕು. ಈ ಲಾಭ ಅವಧಿ ಮುಗಿಸಿದವರಿಗೂ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2014ರ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದೆ. 50ಕ್ಕೆ ಕೊನೆಯ ಸಂಬಳದ 15 ಪರ್ಸೆಂಟ್ ಬರುತ್ತದೆ. ಸಂಬಳ 50,000 ಇದ್ದರೆ ತಿಂಗಳಿಗೆ 7,500 ರೂಪಾಯಿ, ಮೇಲೆ ತುಟ್ಟಿಭತ್ಯೆ. ಸಣ್ಣ ಮೊತ್ತವಲ್ಲ, ಅಲ್ವಾ?

ಅಪೀಲಿನಲ್ಲಿ ನೋವು ತೋಡಿಕೊಂಡರೆ ಸಾಲದು. ಬೋರ್ಡ್ ಏನನ್ನು ಅಳೆಯದೆ ಬಿಟ್ಟಿತು ಎಂದು ತೋರಿಸಬೇಕು. ರೆಕಾರ್ಡ್ಸ್ ಆಫೀಸಿನಿಂದ ಬೋರ್ಡಿನ ನಡಾವಳಿಯ ನಕಲು ತರಿಸಿ. ಕೊಡದಿದ್ದರೆ ಆರ್‌ಟಿಐ ಹಾಕಿ. ಮೊಣಕಾಲಿನ ಪುಟ ನಿಧಾನವಾಗಿ ಓದಿ. ಕಾಲು ಎಷ್ಟು ಡಿಗ್ರಿ ಮಡಚುತ್ತದೆ? ಎರಡೂ ತೊಡೆಗಳ ಸುತ್ತಳತೆ ಇದೆಯಾ? ಕೀಲು ಸಡಿಲವಾಗಿ ಜಾರುತ್ತದಾ? ಇದೇನೂ ಇಲ್ಲದೆ ಸುಮ್ನೆ ‘ಚಲನೆ ಕಡಿಮೆ’ ಎಂದಿದ್ದರೆ ನಿಮ್ಮ ಹಿಡಿತ ಅಲ್ಲೇ ಇದೆ. ಮೂಳೆ ಡಾಕ್ಟರರಿಂದ ಇವನ್ನೆಲ್ಲ ಅಳತೆಯ ಸಮೇತ ಬರೆಸಿ, ನಿಂತು ತೆಗೆಸಿದ ಎಕ್ಸ್‌ರೇ, ಹಳೆಯ ಎಂಆರ್‌ಐ ಲಗತ್ತಿಸಿ.

ಒಂದು ಎಚ್ಚರ. ಬೋರ್ಡ್ ನೋಡುವುದು ಬಿಡುಗಡೆಯ ದಿನದ ಸ್ಥಿತಿಯನ್ನು. ಆಮೇಲೆ ಜಾಸ್ತಿಯಾದದ್ದನ್ನು ಅದರ ಜೊತೆ ಬೆರೆಸಬೇಡಿ, ಎರಡನ್ನೂ ಬೇರೆ ಬೇರೆ ಬರೆಯಿರಿ. ಪರ್ಸೆಂಟನ್ನು ತಾವೇ ಬದಲಿಸಲು ನ್ಯಾಯಮಂಡಳಿಗಳು ಹಿಂಜರಿಯುತ್ತವೆ. ಮರು ಪರೀಕ್ಷೆಗೆ ಹೊಸ ಬೋರ್ಡ್ ಕೂರಿಸಿ ಎಂದು ಹೇಳುವುದುಂಟು. ಹಾಗಾಗಿ ನೀವೇ ಅದನ್ನು ಸ್ಪಷ್ಟವಾಗಿ ಕೇಳಿ.

ಮೊದಲ ಅಪೀಲಿಗೆ ಆರು ತಿಂಗಳ ಗಡುವು. ನಿಮ್ಮದು ಮೀರಿದೆ, ಕಾರಣ ಬರೆದು ವಿಳಂಬ ಮನ್ನಿಸಲು ಕೋರಿ. ಅದೂ ಎರಡನೆಯ ಅಪೀಲೂ ಬಿದ್ದುಹೋದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಪೆನ್ಷನ್ ತಿಂಗಳು ತಿಂಗಳೂ ಹುಟ್ಟುವ ಹಕ್ಕು, ಹಾಗಾಗಿ ತಡವಾಯಿತೆಂದು ಕೇಸೇ ಬಿದ್ದುಹೋಗದು. ಆದರೆ ಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷದ್ದು ಮಾತ್ರ ಸಿಗುತ್ತದೆ. ಇನ್ನು ಒಂದೊಂದು ತಿಂಗಳು ಕಳೆದಂತೆ ನಿಮ್ಮ ಹಣವೇ ಹೋಗುತ್ತದೆ. ನಕಲು ಕೇಳುವ ಪತ್ರವನ್ನು ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.