ಪ್ರತಿಕ್ರಿಯೆ: ಸತ್ತ ಡಾಲ್ಫಿನ್ ಮುಟ್ಟಿದ ಮೇಲೆ ಊದಿದ ಬೆರಳು

ಉಪ್ಪಳದ ಕಡಲತೀರದಲ್ಲಿ ಸತ್ತುಬಿದ್ದ ಡಾಲ್ಫಿನ್ನನ್ನು ಎಳೆಯುವಾಗ ನಿಮ್ಮ ಭಾವನ ಬೆರಳಿಗೆ ಗೀರಾಗಿ, ಈಗ ಕೆನ್ನೀಲಿಯಾಗಿ ಊದಿದೆ, ಅರಸಿನ ಹಚ್ಚಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಇಂದೇ ವೈದ್ಯರಿಗೆ ತೋರಿಸಿ, ಡಾಲ್ಫಿನ್ ಮುಟ್ಟಿದ ಸಂಗತಿಯನ್ನು ಮೊದಲು ಹೇಳಿ.

ನನ್ನ ಗುಮಾನಿ ಎರಿಸಿಪೆಲೋಥ್ರಿಕ್ಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಮೀನಿನ ಮೈಲೋಳೆಯಲ್ಲಿ ಅದು ತನ್ನ ಪಾಡಿಗೆ ಇರುತ್ತದೆ. ಡಾಲ್ಫಿನ್ನಿನ ಒಳಹೊಕ್ಕರೆ ಚರ್ಮದ ಮೇಲೆ ವಜ್ರಾಕಾರದ ದಡಿಕೆ ಏಳಿಸುತ್ತದೆ, ಇಲ್ಲವೇ ರಕ್ತಕ್ಕಿಳಿದು ಯಾವ ಸುಳಿವೂ ಕೊಡದೆ ಕೊಲ್ಲುತ್ತದೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಬೆರಳಲ್ಲೇ ನಿಲ್ಲುತ್ತದೆ: ಅಂಚು ಎದ್ದುಕಾಣುವ ಊತ, ವಿಪರೀತ ಉರಿ, ಆದರೆ ಕೀವಿಲ್ಲ. (ಮೀನು ಹೆಚ್ಚುವವರಿಗೂ ಇದು ತಗಲುತ್ತದೆ.) ಅಪರೂಪಕ್ಕೆ ಹೃದಯದ ಕವಾಟವನ್ನೂ ಹಿಡಿಯುವುದರಿಂದಲೇ ನನ್ನ ಅವಸರ. ಪೆನಿಸಿಲಿನ್‌ಗೆ ಬಗ್ಗುತ್ತದೆ, ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ.

ಅಂತರ್ಜಾಲದಲ್ಲಿ ನೀವು ಓದಿದ ‘ಸೀಲ್ ಫಿಂಗರ್’ ಬೇರೆ. ಅದು ಸೀಲ್ ಎಂಬ ಕಡಲ ಸಸ್ತನಿಗಳಿಂದ ಬರುವ, ಮೈಕೊಪ್ಲಾಸ್ಮಾ ಎಂಬ ಬೇರೊಂದು ಬ್ಯಾಕ್ಟೀರಿಯಾದ ಸೋಂಕು. ಅದಕ್ಕೆ ಪೆನಿಸಿಲಿನ್ ನಾಟುವುದಿಲ್ಲ, ಟೆಟ್ರಾಸೈಕ್ಲಿನ್ ಬೇಕು. ನಮ್ಮ ಕಡಲಲ್ಲಿ ಸೀಲ್ ಎಲ್ಲಿಂದ ಬರಬೇಕು!

ಕಳೇಬರವನ್ನು ನೀವೇ ಹೂಳಬೇಡಿ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಡಾಲ್ಫಿನ್‌ಗಿದೆ. ಅರಣ್ಯ ಇಲಾಖೆಗೆ ತಿಳಿಸಿ, ನಾಯಿಗಳನ್ನು ದೂರವಿಡಿ.