ಮನೆ ಪಕ್ಕದ ನಿವೇಶನಕ್ಕೆ ಪೆಟ್ರೋಲ್ ಬಂಕ್ ಬರುವುದನ್ನು ಪಾಲಿಕೆ ತಡೆಯಬಹುದೇ?

ನಿಮ್ಮದು ಒಂದರೊಳಗೆ ಎರಡು ಪ್ರಶ್ನೆ. ಮೈಸೂರಿನ ನಿಮ್ಮ ಬಡಾವಣೆಯ ಮೂಲೆ ನಿವೇಶನಕ್ಕೆ ಬಂಕ್ ಬರುತ್ತದಂತೆ, ಪಾಲಿಕೆ ಅದನ್ನು ತಡೆಯಬಹುದೇ ಎಂಬುದು ಮೊದಲನೆಯದು. ಅಮೆರಿಕದಲ್ಲಿ ಪುರಸಭೆಗಳೇ ತೈಲ ಬಾವಿಗಳನ್ನು ಮನೆಗಳಿಂದ ದೂರ ಇಡುತ್ತವಂತೆ, ನಮ್ಮವರಿಗೇಕೆ ಆ ಅಧಿಕಾರವಿಲ್ಲ ಎಂಬುದು ಎರಡನೆಯದು. ನಾನು ವಕೀಲನಲ್ಲ, ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. 2021ರಲ್ಲಿ ನಮ್ಮ ಬೀದಿಯ ತಿರುವಿಗೂ ಬಂಕ್ ಬಂದಿತು. ಆಗ ಹತ್ತಿಳಿದ ಮೆಟ್ಟಿಲುಗಳ ಅನುಭವದಿಂದ ಹೇಳುತ್ತಿದ್ದೇನೆ.

ಪೆಟ್ರೋಲು ಪಾಲಿಕೆಯ ವಿಷಯವೇ ಅಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 53ನೆಯ ನಮೂದು ತೈಲಕ್ಷೇತ್ರ, ಪೆಟ್ರೋಲಿಯಂ, ಅದರ ಉತ್ಪನ್ನ ಎಲ್ಲವನ್ನೂ ಕೇಂದ್ರಕ್ಕೆ ಬರೆದುಕೊಟ್ಟಿದೆ. ಬಂಕಿನ ದಾಸ್ತಾನಿಗೆ ಪರವಾನಗಿ ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಸ್ಥಳೀಯ ಸಂಸ್ಥೆಗಳಿಗೆ ಉಳಿದದ್ದು ನೆಲ: ಆ ಜಾಗ ಯಾವ ಬಳಕೆಗೆ ಮೀಸಲು, ಕಟ್ಟಡದ ನಕ್ಷೆಗೆ ಮಂಜೂರಾತಿ ಇದೆಯೇ, ರಸ್ತೆ ಅಗೆಯಲು ಅನುಮತಿ ಪಡೆದಿದ್ದಾರೆಯೇ, ಅಷ್ಟೇ.

ಇದು ಗೊತ್ತಿಲ್ಲದೆ ನಾವು ಎಪ್ಪತ್ತು ಸಹಿಗಳ ಮನವಿ ಬರೆದೆವು. ಬೆಂಕಿ ಬಿದ್ದರೆ ಗತಿಯೇನು, ಮಕ್ಕಳು ಓಡಾಡುವ ಬೀದಿ, ವೃದ್ಧರಿದ್ದಾರೆ ಎಂದು ಕರುಳು ಕಲಕುವಂತೆ ಬರೆದಿದ್ದೆವು. ಒಂದು ಕಚೇರಿ ಅದನ್ನು ಇನ್ನೊಂದಕ್ಕೆ ರವಾನಿಸಿತು, ಅದು ಮತ್ತೊಂದಕ್ಕೆ. ಎರಡು ತಿಂಗಳು ಹೀಗೆಯೇ ಕಳೆಯಿತು. ಕೊನೆಗೆ ಒಬ್ಬ ಗುಮಾಸ್ತರು ಕನಿಕರಪಟ್ಟು, ‘ಭಯವನ್ನು ಕಡತಕ್ಕೆ ಹಾಕಲಾಗುವುದಿಲ್ಲ ಸ್ವಾಮಿ, ಅಳತೆ ತನ್ನಿ’ ಎಂದರು. ಜೀವಮಾನವೆಲ್ಲ ಅಳತೆ ಮಾಡಿದ ನನಗೆ ಈ ಮಾತನ್ನು ಇನ್ನೊಬ್ಬರು ಹೇಳಬೇಕಾಯಿತು!

ಅಳತೆ ಎಲ್ಲಿಗೆ ಕೊಡಬೇಕು? 2002ರ ಪೆಟ್ರೋಲಿಯಂ ನಿಯಮಗಳ 144ನೆಯ ನಿಯಮದಂತೆ ಬಂಕ್ ಹಾಕುವವರು ಪೆಸೊ ಪರವಾನಗಿಗೆ ಮೊದಲು ಸ್ಥಳೀಯವಾಗಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಪೊಲೀಸ್ ಕಮಿಷನರ್ ಇರುವ ನಗರದಲ್ಲಿ ಅದನ್ನು ಕೊಡುವ ಅಧಿಕಾರ ಕಮಿಷನರ್ ಅಥವಾ ಡಿಸಿಪಿಯವರದು, ಉಳಿದ ಕಡೆ ಜಿಲ್ಲಾಧಿಕಾರಿಯವರದು. ಹಾಗಾಗಿ ಮೈಸೂರು ನಗರದೊಳಗಿನವರು ಹೋಗುವ ಬಾಗಿಲು ಒಂದು, ಮಂಡ್ಯದವರದು ಇನ್ನೊಂದು. ಅರ್ಜಿ ಬಂದ ಮೂರು ತಿಂಗಳೊಳಗೆ ವಿಚಾರಣೆ ಮುಗಿಸಿ ಪತ್ರ ಕೊಡಬೇಕು ಇಲ್ಲವೇ ನಿರಾಕರಿಸಬೇಕು. ನಿಮ್ಮ ಮಾತಿಗೆ ಬೆಲೆ ಇರುವುದು ಆ ಮೂರು ತಿಂಗಳು. ಒಮ್ಮೆ ಪತ್ರ ಕೈಸೇರಿತೋ, ಅದನ್ನು ರದ್ದುಪಡಿಸಲು ನಿಯಮದಲ್ಲಿ ಹೇಳಿರುವ ಕಾರಣ ಬಲು ಕಿರಿದು: ಆ ನಿವೇಶನವನ್ನು ಬಳಸುವ ಹಕ್ಕೇ ಪರವಾನಗಿದಾರನಿಗೆ ಇಲ್ಲವಾಗಿರಬೇಕು. ನೆರೆಹೊರೆಯವರಿಗೆ ಇಷ್ಟವಿಲ್ಲ ಎಂಬುದು ಅಲ್ಲಿ ಕಾರಣವಲ್ಲ.

ಇನ್ನು ಅಳತೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕುಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ, ಹತ್ತು ಅಥವಾ ಹೆಚ್ಚು ಹಾಸಿಗೆಗಳ ಆಸ್ಪತ್ರೆ, ಮತ್ತು ಸ್ಥಳೀಯ ಕಾನೂನಿನಂತೆ ವಸತಿಗೆ ಗೊತ್ತುಪಡಿಸಿದ ಪ್ರದೇಶ, ಇವುಗಳಿಂದ 50 ಮೀಟರ್ ದೂರವಿರಬೇಕು. ಜಾಗದ ಅಡಚಣೆ ಇದ್ದರೆ ಪೆಸೊ ಹೇಳುವ ಹೆಚ್ಚುವರಿ ಸುರಕ್ಷತಾ ಕ್ರಮಗಳೊಡನೆ ಇನ್ನೂ ಹತ್ತಿರ ಬರಬಹುದು, ಆದರೆ 30 ಮೀಟರಿಗಿಂತ ಕಡಿಮೆ ಎಂದಿಗೂ ಇಲ್ಲ. ಬಂಕಿನ ಮೇಲೆ ಹೈಟೆನ್ಷನ್ ತಂತಿ ಹಾಯುವಂತಿಲ್ಲ. ನಮ್ಮ ಇಲಾಖೆಯ ಹಳೆಯ ಹದಿನಾರು ಆಣೆ ಸರಪಳಿ 33 ಅಡಿಯದು. 50 ಮೀಟರ್ ಎಂದರೆ ಹೆಚ್ಚು ಕಡಿಮೆ ಐದು ಸರಪಳಿ. ಸರಪಳಿ ಹಿಡಿದವರಿಗೆ ಇದು ನೆನಪಿಡಲು ಸುಲಭ, ಉಳಿದವರು ಟೇಪು ಕೊಂಡುಕೊಳ್ಳಬಹುದು.

ಎಲ್ಲರೂ ಎಡವುವುದು ಎಲ್ಲಿಂದ ಅಳೆಯಬೇಕು ಎಂಬಲ್ಲಿ. ಬಂಕಿನ ಕಾಂಪೌಂಡಿನಿಂದಲ್ಲ. ಟ್ಯಾಂಕರು ನೆಲದಡಿಯ ತೊಟ್ಟಿಗೆ ಇಂಧನ ತುಂಬುವ ಜಾಗ, ವಾಹನಗಳಿಗೆ ಪೆಟ್ರೋಲ್ ಹಾಕುವ ಯಂತ್ರ, ತೊಟ್ಟಿಯ ಆವಿ ಹೊರಹೋಗುವ ಕೊಳವೆ, ಈ ಮೂರರಲ್ಲಿ ಯಾವುದು ಹತ್ತಿರವೋ ಅಲ್ಲಿಂದ. ನಮ್ಮಲ್ಲಿ ನಾನು ಕಡತ ನೋಡಲು ಕೇಳಿದೆ; ತೋರಿಸಿದರು. ನಿವೇಶನದ ನಕ್ಷೆಯಲ್ಲಿ ಆವಿಯ ಕೊಳವೆ ಹಿಂಬದಿ ಗೋಡೆಗೆ ಅಂಟಿಕೊಂಡಿತ್ತು. ಅಲ್ಲಿಂದ ವಸತಿ ಪ್ರದೇಶದ ಗಡಿಗೆ 27 ಮೀಟರ್. ಒಂದು ಹಾಳೆಯ ನಕ್ಷೆ ಬರೆದು, ಅಳತೆ ನಮೂದಿಸಿ, ನಾಲ್ಕು ಸಾಲಿನ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆದೆ. ಎಪ್ಪತ್ತು ಸಹಿ ಮಾಡದ ಕೆಲಸವನ್ನು ಆ ಹಾಳೆ ಮಾಡಿತು. ಬಂಕ್ ಬರುವುದೇ ತಪ್ಪಿತು ಎಂದುಕೊಳ್ಳಬೇಡಿ. ತೊಟ್ಟಿ, ಕೊಳವೆಗಳನ್ನು ರಸ್ತೆಯ ಕಡೆಗೆ ಸರಿಸಿ ಹೊಸ ನಕ್ಷೆ ಕೊಟ್ಟರು, ದೂರ 44 ಮೀಟರ್ ಆಯಿತು, ಹೆಚ್ಚುವರಿ ಷರತ್ತುಗಳೊಡನೆ ಅನುಮತಿ ಸಿಕ್ಕಿತು. ನನ್ನ ಸ್ಕೂಟರಿಗೆ ಈಗ ಅಲ್ಲಿಯೇ ಪೆಟ್ರೋಲ್ ಹಾಕಿಸುತ್ತೇನೆ. ಮನೆಯವರು ಇದನ್ನು ಆಡಿಕೊಂಡು ನಗುತ್ತಾರೆ, ನಗಲಿ.

ಅಮೆರಿಕದ ಮಾತಿಗೆ ಬರುತ್ತೇನೆ. ಅಲ್ಲಿಯೂ ನೀವು ಓದಿದಷ್ಟು ಸಲೀಸಿಲ್ಲ. ಟೆಕ್ಸಸ್ ರಾಜ್ಯದ ಡೆಂಟನ್ ಊರಿನವರು 2014ರ ನವೆಂಬರಿನಲ್ಲಿ ಮತ ಹಾಕಿ, ಬಂಡೆ ಸೀಳಿ ಅನಿಲ ತೆಗೆಯುವ ಕೆಲಸವನ್ನು ತಮ್ಮ ಎಲ್ಲೆಯೊಳಗೆ ನಿಷೇಧಿಸಿದರು. 2015ರ ಮೇ ತಿಂಗಳಲ್ಲಿ ರಾಜ್ಯವೇ ಕಾನೂನು ಮಾಡಿ ಊರುಗಳ ಆ ಅಧಿಕಾರವನ್ನು ಕಿತ್ತುಕೊಂಡಿತು. ಕೊಲರಾಡೊ ತದ್ವಿರುದ್ಧ ದಾರಿ ಹಿಡಿಯಿತು: 2019ರ ಕಾನೂನು ಬಾವಿಯ ಜಾಗದ ವಿಷಯದಲ್ಲಿ ಸ್ಥಳೀಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು, 2021ರಿಂದ ರಾಜ್ಯದ ನಿಯಮ ಮನೆಗಳಿಂದ 2,000 ಅಡಿ ದೂರ ಎಂದಿತು, ಕೆಲವು ವಿನಾಯಿತಿಗಳೊಡನೆ. ನಮ್ಮ ನೆರೆಯ ತಮಿಳುನಾಡನ್ನು ನೋಡಿ. ಅಲ್ಲಿ ತೈಲ ಸಿಗುವ ಸೀಮೆಗೆ ತೈಲದವರು ‘ಕಾವೇರಿ ಬೇಸಿನ್’ ಎನ್ನುತ್ತಾರೆ; ಅದು ನಮ್ಮ ಕನ್ನಂಬಾಡಿ ಕಟ್ಟೆಯ ಸೀಮೆಯಲ್ಲ, ಅಲ್ಲಿನ ನದೀಮುಖ ಮತ್ತು ಸಮುದ್ರ. ತೈಲ ಕೇಂದ್ರದ ವಿಷಯವಾದ್ದರಿಂದ ಆ ರಾಜ್ಯ 2020ರಲ್ಲಿ ಕೃಷಿಯ ಹೆಸರಿನಲ್ಲಿ ಕಾಯ್ದೆ ಮಾಡಿ, ಕಾವೇರಿ ಮುಖಜ ಪ್ರದೇಶವನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರಿ, ಹೊಸ ತೈಲ ಶೋಧನೆಗೆ ತಡೆ ಹಾಕಿತು. ತೈಲವನ್ನು ಮುಟ್ಟಲಾಗದವರು ನೆಲದ ಕಡೆಯಿಂದ ಬರುತ್ತಾರೆ. ನನ್ನ 27 ಮೀಟರಿನ ಹಾಳೆಯೂ ಅದೇ ಜಾತಿಯದು.

ಈ ಎರಡರ ಜೊತೆಗೆ, ಬೀದಿಗೆ ಬರುವ ಅಡುಗೆ ಅನಿಲದ ಕೊಳವೆಗೆ ಅನುಮತಿ ಕೊಡುವವರು ಯಾರು ಎಂದೂ ಕೇಳಿದ್ದೀರಿ. ನಗರ ಅನಿಲ ಜಾಲಕ್ಕೆ ಅಧಿಕಾರ ಕೊಡುವುದು 2006ರ ಕಾಯ್ದೆಯಂತೆ ರಚನೆಯಾದ ಕೇಂದ್ರದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. ಪಾಲಿಕೆಯ ಪಾಲಿಗೆ ಬರುವುದು ರಸ್ತೆ ಅಗೆತದ ಅನುಮತಿ ಮತ್ತು ಹಳ್ಳ ಮುಚ್ಚಿಸುವ ಹೊಣೆ. ನನಗೆ ಕೊಳವೆಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಸಿಲಿಂಡರ್ ಪೇರಿಸಿಡುವ ಅಂಗಡಿಗಳು. ಕೊಳವೆಯ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಸಿಲಿಂಡರಿನದು ಭಾರ, ನೆಲಮಟ್ಟದಲ್ಲಿ, ಚರಂಡಿಯಲ್ಲಿ ತಂಗುತ್ತದೆ. 100 ಕಿಲೋವರೆಗೆ ಪರವಾನಗಿ ಬೇಕಿಲ್ಲ, ಅಂದರೆ 14.2 ಕಿಲೋದ ಏಳು ಸಿಲಿಂಡರ್. ಎಂಟನೆಯದನ್ನು ಕಂಡರೆ ದೂರು ಕೊಡಿ.

ಮಂಡ್ಯ ಕಡೆಯ ನನ್ನ ನೆಂಟರ ಚಿಂತೆ ಬೇರೆ: ಹೊಲದಡಿ ಪೆಟ್ರೋಲಿಯಂ ಕೊಳವೆ ಹೋದರೆ ಜಮೀನು ಹೋಯಿತೇ? ಇಲ್ಲ. 1962ರ ಕಾಯ್ದೆಯಂತೆ ತೆಗೆದುಕೊಳ್ಳುವುದು ಬಳಕೆಯ ಹಕ್ಕನ್ನು ಮಾತ್ರ, ಪಹಣಿ ರೈತನ ಹೆಸರಿನಲ್ಲಿಯೇ ಇರುತ್ತದೆ. ರಾಗಿ, ಭತ್ತ ಬೆಳೆಯಬಹುದು. ಆ ಪಟ್ಟಿಯ ಮೇಲೆ ಮನೆ, ಬಾವಿ, ತೆಂಗಿನ ಮರ ಕೂಡದು. ಬೆಳೆ ನಷ್ಟಕ್ಕೆ ಪರಿಹಾರವಲ್ಲದೆ ಆ ನೆಲದ ಮಾರುಕಟ್ಟೆ ಬೆಲೆಯ ಶೇ. 10 ಸಿಗುತ್ತದೆ. ಮನೆ ಕಟ್ಟುವ ಆಸೆಯಿಂದ ರಸ್ತೆ ಬದಿಯ ಗುಂಟೆಗಳನ್ನು ಉಳಿಸಿಕೊಂಡವನಿಗೆ ಈ ಶೇ. 10 ಏನೇನೂ ಸಾಲದು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಮೂಲೆ ನಿವೇಶನದ ವಿಷಯಕ್ಕೆ, ನಾಳೆಯೇ ಮುಡಾ ಎಂದು ಎಲ್ಲರೂ ಕರೆಯುವ ಅಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ ನೋಡಿ. ನಿಮ್ಮ ಸಾಲು ಹಳದಿಯಲ್ಲಿದ್ದರೆ ವಸತಿ, 50 ಮೀಟರಿನ ಮಾತು ನಿಮಗೆ ಅನ್ವಯಿಸುತ್ತದೆ. ನೀಲಿಯಲ್ಲಿದ್ದರೆ ವಾಣಿಜ್ಯ, ಮನೆ ಕಟ್ಟಿಕೊಂಡು ಎಷ್ಟೇ ವರ್ಷವಾಗಿದ್ದರೂ ವಾದ ಕಷ್ಟ. ಭೂಬಳಕೆಯನ್ನು ಈಚೆಗೆ ಬದಲಿಸಿದ್ದರೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆದಿದ್ದರೇ ಎಂದು ಕೇಳಿ. ಬಣ್ಣ ಯಾವುದೆಂದು ಇಲ್ಲಿಯೇ ತಿಳಿಸಿದರೆ, ಮುಂದಿನ ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕೆಂದು ಹೇಳುತ್ತೇನೆ.