ಆ ‘ಪಾಪ’ದಲ್ಲಿದ್ದ ಕೊಂಕು

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ಹಬ್ಬದ ದಿನ ನಾನು ಮಾಡಿದ ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಓರಗಿತ್ತಿ ಎಲ್ಲರೆದುರು, ‘ಎಂಜಿನಿಯರಿಂಗ್ ಕಾಲೇಜಿನಲ್ಲಿ ಉಪ್ಪು ಹಾಕುವುದನ್ನು ಹೇಳಿಕೊಡುವುದಿಲ್ಲ, ಪಾಪ’ ಎಂದರು. ಇಂಥ ಮಾತು ವಾರಕ್ಕೆರಡು ಇದ್ದೇ ಇರುತ್ತದೆ. ಅಂದು ತಡೆಯಲಾಗದೆ, ‘ನಿಮ್ಮ ಕುಹಕ ಸಾಕು’ ಎಂದುಬಿಟ್ಟೆ. ಈಗ ಮನೆಯಲ್ಲಿ ಯಾರೂ ಸರಿಯಾಗಿ ಮಾತನಾಡುತ್ತಿಲ್ಲ. ‘ತಮಾಷೆಯನ್ನು ಕುಹಕ ಎಂದೆಯಲ್ಲ, ಕ್ಷಮೆ ಕೇಳು’ ಎನ್ನುತ್ತಾರೆ ಪತಿ. ನಾನು ಆಡಿದ್ದು ತಪ್ಪೇ?

ಉತ್ತರ: ನಿಮ್ಮ ನೋವು ಸುಳ್ಳಲ್ಲ. ವಾರಕ್ಕೆರಡು ಬಾರಿ ಒಬ್ಬರ ಮೇಲೆಯೇ ಬೀಳುವುದನ್ನು ನಾನಂತೂ ತಮಾಷೆ ಎನ್ನಲಾರೆ. ಆದರೆ ನೀವು ಎತ್ತಿಕೊಂಡ ಪದ ಬಹಳ ಭಾರದ್ದು. ಸಂಸ್ಕೃತದಲ್ಲಿ ಕುಹಕವೆಂದರೆ ವಂಚನೆ, ಕಣ್ಕಟ್ಟು. ಕನ್ನಡದಲ್ಲಿ ಚುಚ್ಚುಮಾತಿಗೆ ಬಳಸುವಾಗಲೂ ಆ ವಾಸನೆ ಪೂರ್ತಿ ಹೋಗಿಲ್ಲ. ಆಡಿದ ಮಾತನ್ನು ದೂರಲು ಹೋಗಿ ಆಡಿದವರ ಮನಸ್ಸನ್ನೇ ದೂರಿದಂತಾಯಿತು.

ಅವರ ಮಾತಿಗೆ ಒಪ್ಪುವ ಪದ ಕೊಂಕು. ಕೊಂಕು ಎಂದರೆ ಬಾಗು, ಡೊಂಕು. ಗುಂಗುರು ಕೂದಲಿಗೆ ಹಳಗನ್ನಡದಲ್ಲಿ ಕೊಂಕುಗುರುಳು ಎಂಬ ಚೆಂದದ ಹೆಸರಿದೆ. ಮೂದಲಿಕೆಯಾದರೆ ನೇರವಾಗಿ ಬರುತ್ತದೆ. ಹಳೆಯ ಕಾವ್ಯಗಳ ರಣರಂಗದಲ್ಲಿ ವೀರರು ಎದುರೆದುರು ನಿಂತು ಮೂದಲಿಸುತ್ತಾರೆ, ಅಲ್ಲೇ ಉತ್ತರವನ್ನೂ ಪಡೆಯುತ್ತಾರೆ. ಕೊಂಕಿಗೆ ಹಾಗೆ ಉತ್ತರಿಸಲು ಆಗುವುದಿಲ್ಲ. ಉಪ್ಪು ಹಾಕುವುದನ್ನು ಕಾಲೇಜಿನಲ್ಲಿ ಕಲಿಸುವುದಿಲ್ಲವೆಂಬುದು ನಿಜವೇ ತಾನೇ? ಮುಳ್ಳಿರುವುದು ಕೊನೆಯ ‘ಪಾಪ’ದಲ್ಲಿ. ಕನಿಕರದ ಪದವನ್ನೇ ಬಾಗಿಸಿ ಚುಚ್ಚಿದ್ದಾರೆ. ನಿಮ್ಮ ಪತಿಗೆ ಕೇಳಿಸದೇ ಹೋದದ್ದು ಅದೇ. ಹಿಂದಿನ ಎರಡು ಮೂರು ಮಾತುಗಳನ್ನೂ ಹೀಗೆ ಬಿಡಿಸಿ, ಕೋಪವಿಲ್ಲದ ಹೊತ್ತಿನಲ್ಲಿ ಅವರ ಮುಂದಿಡಿ.

ಕ್ಷಮೆ ಕೇಳಬೇಕೆ? ಆ ಒಂದು ಪದಕ್ಕೆ ಮಾತ್ರ ಕೇಳಿ, ಅದೂ ಓರಗಿತ್ತಿ ಒಬ್ಬರೇ ಇರುವಾಗ. ‘ಕುಹಕ ಎಂದದ್ದು ಹೆಚ್ಚಾಯಿತು ಅಕ್ಕಾ, ಆದರೆ ಎಲ್ಲರೆದುರು ನೀವು ಪಾಪ ಎಂದಾಗ ನನಗೆ ನೋವಾಯಿತು’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ. ಎರಡನೆಯದನ್ನು ದಯವಿಟ್ಟು ನುಂಗಬೇಡಿ. ಮತ್ತೆ ಕೊಂಕು ಬಂದರೆ, ‘ಹಾಗೆಂದರೆ ಏನು, ನೇರವಾಗಿ ಹೇಳಿ ಅಕ್ಕಾ’ ಎಂದು ಕೇಳಿ, ಅವರು ಬಾಯಿ ತೆರೆಯುವವರೆಗೂ ಸುಮ್ಮನೆ ಕಾಯಿರಿ.